ತಲೆಯ ಮೇಲಿನ ಒಲೆ

‘ಶಾಖ ಮೇಲಕ್ಕೆ ಏರುತ್ತದೆ.’ ಈ ವಾಕ್ಯ ಸರಿಯೋ ತಪ್ಪೋ? ಶಿಕ್ಷಕರ ತರಬೇತಿ ಶಿಬಿರಗಳಲ್ಲಿ ನಾನು ಈ ಪ್ರಶ್ನೆ ಕೇಳುವುದುಂಟು. ಹೆಚ್ಚುಕಡಿಮೆ ಎಲ್ಲರೂ ‘ಸರಿ’ ಎಂದು ಕೈ ಎತ್ತುತ್ತಾರೆ. ಆಗ ಎರಡನೆಯ ಪ್ರಶ್ನೆ ಕೇಳುತ್ತೇನೆ. ಏಪ್ರಿಲ್ ತಿಂಗಳ ರಾತ್ರಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ತಾರಸಿ ಮನೆಯೊಳಗೆ ಮಲಗಿದವರನ್ನು ಬೇಯಿಸುವ ಶಾಖ ಬರುವುದು ಎಲ್ಲಿಂದ? ಸಭೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಹಗಲಿಡೀ ಕಾದ ಕಾಂಕ್ರೀಟ್ ಚಾವಣಿ ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ಕೆಳಗಿನವರ ಮೈಮೇಲೆ ಶಾಖ ಸುರಿಸುತ್ತಿರುತ್ತದೆ. ಶಾಖ ಮೇಲಕ್ಕೇ ಏರುವುದಾದರೆ ಅದು ಕೆಳಗೆ ಇಳಿದದ್ದು ಹೇಗೆ?

ಉತ್ತರ ನಿಮಗೆ ಗೊತ್ತಿದೆ. ಮೇಲೇರುವುದು ಶಾಖವಲ್ಲ, ಕಾದು ಹಗುರಾದ ಗಾಳಿ. ಅದು ಸಂವಹನ. ವಿಕಿರಣಕ್ಕೆ ಮೇಲು ಕೆಳಗು ಎಂಬ ಭೇದವಿಲ್ಲ. ನಮಗೆ ಬೇಡವಾದ ಈ ಚಾವಣಿ ಶಾಖವನ್ನೇ ಚಳಿ ದೇಶಗಳ ಎಂಜಿನಿಯರುಗಳು ಬೇಕೆಂದೇ ಸೃಷ್ಟಿಸಿದರು. ಚಾವಣಿಯೊಳಗೆ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಬಿಸಿನೀರು ಹರಿಸಿ, ಕೊಠಡಿಯನ್ನು ಮೇಲಿನಿಂದ ಬೆಚ್ಚಗಿಟ್ಟರು. ಇದರ ಹಿಂದಿನ ಭೌತವಿಜ್ಞಾನ ಪುಸ್ತಕದಲ್ಲಿ ಒಂದು ಪುಟಕ್ಕಿಂತ ಹೆಚ್ಚಿಲ್ಲ. ಆದರೆ ಕೊಳವೆಯನ್ನು ತಲೆಯ ಮೇಲೆ ಕೂರಿಸಿ, ಅದು ಬೀಳದಂತೆ, ಸೋರದಂತೆ, ಸುತ್ತಲಿನ ವಸ್ತುವಿಗೆ ಅಂಟಿಕೊಂಡಿರುವಂತೆ ಮಾಡುವ ಕೆಲಸ ಕೈಗೆ ಹತ್ತಲು ಬಹಳ ಕಾಲ ಹಿಡಿಯಿತು. ಆ ಕೆಲಸದ ಕಥೆಯೇ ಈ ಲೇಖನ.

ಕನ್ನಡಿಗಳ ಸಾಕ್ಷಿ

1790ರ ಸುಮಾರಿನಲ್ಲಿ ಜಿನೀವಾದ ಮಾರ್ಕ್ ಆಗಸ್ಟ್ ಪಿಕ್ಟೆ ಒಂದು ಸರಳ ಪ್ರಯೋಗ ನಡೆಸಿದ. ಲೋಹದ ಎರಡು ನಿಮ್ನ ದರ್ಪಣಗಳನ್ನು ಎದುರುಬದುರಾಗಿ ನಿಲ್ಲಿಸಿದ. ಒಂದರ ನಾಭಿಯಲ್ಲಿ ಬಿಸಿ ವಸ್ತು, ಇನ್ನೊಂದರ ನಾಭಿಯಲ್ಲಿ ತಾಪಮಾಪಕ. ತಾಪಮಾಪಕದ ಮಟ್ಟ ಏರಿತು. ಶಾಖ ಬೆಳಕಿನಂತೆ ನೇರವಾಗಿ ಸಾಗಿ, ಪ್ರತಿಫಲಿಸಿ, ಇನ್ನೊಂದು ನಾಭಿಗೆ ಬಂದಿತ್ತು. ಬಿಸಿ ವಸ್ತುವಿನ ಜಾಗದಲ್ಲಿ ಮಂಜುಗಡ್ಡೆ ಇಟ್ಟಾಗ ತಾಪಮಾಪಕದ ಮಟ್ಟ ಇಳಿಯಿತು! ಅದೇ ಊರಿನ ಪಿಯರ್ ಪ್ರೆವೋ 1791ರಲ್ಲಿ ಇದಕ್ಕೆ ವಿವರಣೆ ಕೊಟ್ಟ. ಪ್ರತಿಯೊಂದು ವಸ್ತುವೂ ಸದಾ ವಿಕಿರಣ ಹೊರಸೂಸುತ್ತಿರುತ್ತದೆ, ಹಾಗೆಯೇ ಪಡೆಯುತ್ತಲೂ ಇರುತ್ತದೆ. ಪಡೆದದ್ದಕ್ಕಿಂತ ಕೊಟ್ಟದ್ದು ಹೆಚ್ಚಾದರೆ ಅದು ತಣ್ಣಗಾಗುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ರೋಹಿತದಲ್ಲಿ ಕೆಂಪಿನಿಂದ ಆಚೆಗಿರುವ ಅವಕೆಂಪು ಕಿರಣಗಳನ್ನು ಗುರುತಿಸಿದ. ವಿಕಿರಣದ ಪ್ರಮಾಣ ಕೆಲ್ವಿನ್ ತಾಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ ಎಂದು 1879ರಲ್ಲಿ ಸ್ಟೆಫಾನ್ ತೋರಿಸಿದ. 1884ರಲ್ಲಿ ಬೋಲ್ಟ್ಸ್‌ಮನ್ ಅದಕ್ಕೆ ಸೈದ್ಧಾಂತಿಕ ಆಧಾರ ಒದಗಿಸಿದ.

ಈ ನಿಯಮವನ್ನು ಒಂದು ಕೊಠಡಿಗೆ ಅನ್ವಯಿಸೋಣ. ಚಾವಣಿಯ ತಾಪ 35 ಡಿಗ್ರಿ ಸೆಲ್ಸಿಯಸ್, ನೆಲ ಗೋಡೆಗಳದ್ದು 20 ಡಿಗ್ರಿ ಎಂದಿಟ್ಟುಕೊಳ್ಳಿ. ಆಗ ಚಾವಣಿಯ ಪ್ರತಿ ಚದರ ಮೀಟರಿನಿಂದ ಸುಮಾರು 85 ವ್ಯಾಟ್ ವಿಕಿರಣ ಶಾಖ ಕೆಳಗಿಳಿಯುತ್ತದೆ. 4 ಮೀಟರ್ ಉದ್ದ, 3 ಮೀಟರ್ ಅಗಲದ ಕೊಠಡಿಯಾದರೆ ಒಟ್ಟು ಸುಮಾರು 1000 ವ್ಯಾಟ್. ಒಂದು ಸಾಧಾರಣ ವಿದ್ಯುತ್ ಹೀಟರಿನಷ್ಟು! ಮೈ ಬೆಚ್ಚಗಾಗಲು ಉರಿಯುವ ವಸ್ತುವೇ ಬೇಕಿಲ್ಲ. ನಮ್ಮ ದೇಹಕ್ಕಿಂತ ತಣ್ಣಗಿರುವ ಚಾವಣಿಯೇ ಸಾಕು, ಅದು ವಿಶಾಲವಾಗಿರಬೇಕು ಅಷ್ಟೆ.

ಗಾರೆಯೊಳಗೆ ಕಬ್ಬಿಣ

ಪ್ರಾಚೀನ ರೋಮನರು ನೆಲವನ್ನು ಸುಮಾರು ಎರಡು ಅಡಿ ಎತ್ತರದ ಇಟ್ಟಿಗೆ ಕಂಬಗಳ ಮೇಲೆ ನಿಲ್ಲಿಸಿ, ಅಡಿಯಲ್ಲಿ ಬಿಸಿ ಹೊಗೆ ಹರಿಸುತ್ತಿದ್ದರು. ಕೊರಿಯಾದವರು ಅಡುಗೆ ಒಲೆಯ ಹೊಗೆಯನ್ನು ನೆಲದಡಿ ಹಾಯಿಸಿ ಮನೆ ಬೆಚ್ಚಗಿಡುತ್ತಿದ್ದರು. ಹೊಗೆಯನ್ನು ಚಾವಣಿಗೆ ಏರಿಸಿ ಅಲ್ಲಿ ಸುತ್ತಾಡಿಸುವುದು ಕಷ್ಟ, ಅಪಾಯ ಕೂಡ. ಅದಕ್ಕೆ ನೀರೇ ಬೇಕು. ನೀರಿಗೆ ಗಟ್ಟಿಯಾದ ಸಣ್ಣ ಕೊಳವೆ ಬೇಕು. 1831ರಲ್ಲಿ ಲಂಡನ್ನಿನ ಏಂಜಿಯರ್ ಮಾರ್ಚ್ ಪರ್ಕಿನ್ಸ್ ಸಣ್ಣ ವ್ಯಾಸದ ಕಬ್ಬಿಣದ ಕೊಳವೆಗಳಲ್ಲಿ ಅಧಿಕ ಒತ್ತಡದ ಬಿಸಿನೀರು ಹರಿಸುವ ವ್ಯವಸ್ಥೆಗೆ ಪೇಟೆಂಟ್ ಪಡೆದ. ಆದರೆ ಆ ಕೊಳವೆಗಳು ಗೋಡೆಯ ಹೊರಗೇ ಇರುತ್ತಿದ್ದವು.

ಅವುಗಳನ್ನು ಗೋಡೆ, ನೆಲ, ಚಾವಣಿಗಳ ಒಳಗೇ ಸೇರಿಸುವ ಯೋಚನೆಗೆ 1907ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಆರ್ಥರ್ ಬಾರ್ಕರ್. ಗಾರೆಯಲ್ಲಿ ಅಥವಾ ಕಾಂಕ್ರೀಟಿನಲ್ಲಿ ಹುದುಗಿದ ಸಣ್ಣ ಬಿಸಿನೀರಿನ ಕೊಳವೆಗಳು ಇಡೀ ಮೇಲ್ಮೈಯನ್ನೇ ಒಂದು ಹದವಾದ ಹೀಟರ್ ಆಗಿಸುತ್ತವೆ ಎಂಬುದನ್ನು ಆತ ಕಂಡುಕೊಂಡಿದ್ದ. ಈ ಪೇಟೆಂಟುಗಳನ್ನು ಕ್ರಿಟಾಲ್ ಎಂಬ ಕಂಪನಿ ಕೊಂಡು, ಯೂರೋಪಿನ ಹಲವು ದೇಶಗಳಲ್ಲಿ ಈ ವಿಧಾನವನ್ನು ಪ್ರಚಾರಕ್ಕೆ ತಂದಿತು.

ಇಲ್ಲಿ ಎರಡು ಸಂಗತಿಗಳು ಅನುಕೂಲವಾಗಿ ಒದಗಿದವು. ಒಂದು, ಉಕ್ಕು ಮತ್ತು ಕಾಂಕ್ರೀಟುಗಳ ವ್ಯಾಕೋಚನ ಗುಣಾಂಕಗಳು ಬಹುತೇಕ ಸಮ. ಬಿಸಿಯಾದಾಗ ಎರಡೂ ಒಟ್ಟಿಗೆ ಹಿಗ್ಗುವುದರಿಂದ ಕಾಂಕ್ರೀಟ್ ಬಿರುಕು ಬಿಡುವುದಿಲ್ಲ. ಇನ್ನೊಂದು, ಅದೇ ದಶಕದಲ್ಲಿ ಆಕ್ಸಿ-ಅಸಿಟಲೀನ್ ಬೆಸುಗೆ ಬಳಕೆಗೆ ಬಂದಿತು. ಮರೆ ಕೊರೆದು ತಿರುಗಿಸಿ ಕೂಡಿಸಿದ ಕೀಲು ಒಂದಲ್ಲ ಒಂದು ದಿನ ಜಿನುಗಬಹುದು. ಗೋಡೆಯ ಹೊರಗಿದ್ದರೆ ಅದನ್ನು ಬಿಗಿ ಮಾಡಬಹುದು. ಗಾರೆಯೊಳಗಿದ್ದರೆ ಚಾವಣಿಯನ್ನೇ ಒಡೆಯಬೇಕು. ಆದ್ದರಿಂದ ಕೊಳವೆಯನ್ನು ಬಾಗಿಸುವ ಯಂತ್ರ, ಬೆಸುಗೆ ದೀಪ, ಒತ್ತಡಮಾಪಕ ಈ ಮೂರು ಆ ಕೆಲಸದ ಮುಖ್ಯ ಉಪಕರಣಗಳಾದವು. ಗಾರೆ ಬಳಿಯುವ ಮೊದಲು ಕೊಳವೆಯಲ್ಲಿ ನೀರು ತುಂಬಿ ಒತ್ತಡ ಏರಿಸಿ ಬಿಡುವುದು, ಮುಳ್ಳು ಇಳಿಯದಿದ್ದರೆ ಮಾತ್ರ ಮುಂದುವರಿಯುವುದು ಎಂಬ ಶಿಸ್ತು ಇಂದಿಗೂ ಬದಲಾಗಿಲ್ಲ.

ಅಂಟಿಕೊಳ್ಳದ ಕೊಳವೆ ಬೆಚ್ಚಗಿಡದು

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ತಾಮ್ರದ ಕೊಳವೆ ಮುಂದೆ ಬಂದಿತು. ಅರ್ಧ ಅಂಗುಲ ದಪ್ಪದ ಮೆದು ತಾಮ್ರದ ಕೊಳವೆ ಸುರುಳಿಯಾಗಿ ಸಿಗುತ್ತದೆ, ಕೈಯಿಂದಲೇ ಬಾಗುತ್ತದೆ, ಹಗುರವಾಗಿಯೂ ಇರುತ್ತದೆ. ಕೆಲಸಗಾರರು ಅಟ್ಟಣೆಯ ಮೇಲೆ ನಿಂತು, ಚಾವಣಿಯ ಲೋಹದ ಜಾಲರಿಗೆ ಅದನ್ನು ಹಾವಿನ ನಡೆಯಂತೆ ಅತ್ತಿತ್ತ ಸುತ್ತಿ ತಂತಿಯಿಂದ ಕಟ್ಟುತ್ತಿದ್ದರು. ಕೀಲುಗಳಿಗೆ ಮೆದು ಬೆಸುಗೆ. ತಲೆಯ ಮೇಲೆ ಬೆಸುಗೆ ಹಾಕಿದರೆ ಕರಗಿದ ಲೋಹ ಕೆಳಗೆ ಸುರಿಯದೇ ಎಂದು ನೀವು ಕೇಳಬಹುದು. ಸುರಿಯುವುದಿಲ್ಲ. ಕೊಳವೆ ಮತ್ತು ಕೀಲಿನ ನಡುವಿನ ಸಂದು ಕೂದಲಿನಷ್ಟು ಕಿರಿದಾಗಿದ್ದರೆ, ಲೋಮನಾಳ ಕ್ರಿಯೆಯಿಂದ ಕರಗಿದ ಬೆಸುಗೆ ಗುರುತ್ವಕ್ಕೆ ವಿರುದ್ಧವಾಗಿ ಮೇಲಕ್ಕೆ ಹೀರಲ್ಪಡುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಇದು. ಸಂದು ಅಗಲವಾದರೆ, ಅಥವಾ ತಾಮ್ರವನ್ನು ಉಜ್ಜಿ ಶುಚಿ ಮಾಡದಿದ್ದರೆ, ಬೆಸುಗೆ ಕೆಲಸಗಾರನ ತೋಳಿನ ಮೇಲೆ ಬೀಳುವುದೇ ಸರಿ.

ಕೊಳವೆ ಕಟ್ಟಿದ ಮೇಲೆ ಗಾರೆಯ ಸರದಿ. ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಗಾರೆ ಕೊಳವೆಯ ಸುತ್ತಲೂ ಒತ್ತಿ ಕೂರಬೇಕು. ಕೊಳವೆಯ ಮೇಲೆ ಬರೇ ಒಂದು ಪದರ ಎಳೆದು, ಒಳಗೆ ಪೊಳ್ಳು ಬಿಟ್ಟರೆ ಏನಾಗುತ್ತದೆ ನೋಡಿ. ನಿಶ್ಚಲ ಗಾಳಿಯ ಉಷ್ಣವಾಹಕತೆ ಮೀಟರಿಗೆ ಡಿಗ್ರಿಗೆ ಸುಮಾರು 0.026 ವ್ಯಾಟ್. ಮರದ್ದು ಸುಮಾರು 0.13. ಅಂದರೆ ಒಂದೇ ಒಂದು ಮಿಲಿಮೀಟರ್ ಗಾಳಿಯ ಪದರ 5 ಮಿಲಿಮೀಟರ್ ದಪ್ಪದ ಮರದ ಹಲಗೆಗೆ ಸಮ! ವಿಕಿರಣ ಕೊಠಡಿಯ ಎತ್ತರವನ್ನು ತಾನಾಗಿ ದಾಟುತ್ತದೆ. ಆದರೆ ನೀರಿನಿಂದ ಚಾವಣಿಯ ಮೇಲ್ಮೈವರೆಗಿನ ಒಂದೆರಡು ಅಂಗುಲದ ದಾರಿಯಲ್ಲಿ ಶಾಖ ವಹನದಿಂದಲೇ ಸಾಗಬೇಕು. ಆ ದಾರಿಯನ್ನು ಕಟ್ಟುವವನು ಗಾರೆ ಕೆಲಸದವನು. ಅವನ ಕೈ ಸೋತರೆ ಸ್ಟೆಫಾನನ ನಿಯಮದಿಂದ ಏನೂ ಪ್ರಯೋಜನವಿಲ್ಲ.

ಗಾರೆಗೆ ಇನ್ನೊಂದು ಮಿತಿಯೂ ಉಂಟು. ಚಾವಣಿಯ ಗಾರೆಯಲ್ಲಿ, ಹಲಗೆಗಳಲ್ಲಿ ಬಳಸುವ ಜಿಪ್ಸಮ್ ಎಂದರೆ ಸ್ಫಟಿಕ ಜಲವನ್ನು ಹೊಂದಿದ ಕ್ಯಾಲ್ಸಿಯಂ ಸಲ್ಫೇಟ್. ಬಹುಕಾಲ ಸುಮಾರು 50 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿದ್ದರೆ ಅದು ಈ ಜಲವನ್ನು ಕಳೆದುಕೊಂಡು ಪುಡಿಯಾಗತೊಡಗುತ್ತದೆ. ಹಾಗಾಗಿ ಹದವಾದ ಬಿಸಿಯ ನೀರನ್ನೇ ಹರಿಸಬೇಕು. ಹೊಸ ಗಾರೆ ಪೂರ್ತಿ ಒಣಗಿದ ಮೇಲೆಯೇ, ನಿಧಾನವಾಗಿ ಬಿಸಿ ಏರಿಸಬೇಕು. ಕೊಳವೆಯ ಮೇಲ್ಭಾಗದಲ್ಲಿ ಉಷ್ಣನಿರೋಧಕ ಪದರ ಹಾಸಬೇಕು. ಇಲ್ಲದಿದ್ದರೆ ಶಾಖದ ಒಂದು ಭಾಗ ಮೇಲಿನ ಅಟ್ಟಕ್ಕೆ ಹೋಗಿ ವ್ಯರ್ಥವಾಗುತ್ತದೆ.

ಒಂದು ಹಿನ್ನಡೆ

1947ರಿಂದ 1951ರವರೆಗೆ ನ್ಯೂಯಾರ್ಕಿನ ಬಳಿ ಲೆವಿಟ್‌ಟೌನ್ ಎಂಬ ಊರಿನಲ್ಲಿ 17,000ಕ್ಕೂ ಹೆಚ್ಚು ಮನೆಗಳು ಎದ್ದವು. ಅವುಗಳಲ್ಲಿ ಬಿಸಿನೀರಿನ ಕೊಳವೆಗಳಿದ್ದುದು ಚಾವಣಿಯಲ್ಲಲ್ಲ, ನೆಲದ ಕಾಂಕ್ರೀಟಿನಲ್ಲಿ. ಕಾಲಕ್ರಮದಲ್ಲಿ ಹಲವು ಮನೆಗಳ ಕೊಳವೆಗಳು ಸೋರತೊಡಗಿದವು. ನೆಲ ಅಗೆದು ದುರಸ್ತಿ ಮಾಡುವುದಕ್ಕಿಂತ ಆ ಕೊಳವೆಗಳನ್ನು ಕೈಬಿಟ್ಟು ಬೇರೆ ವ್ಯವಸ್ಥೆ ಮಾಡಿಕೊಳ್ಳುವುದೇ ಅನೇಕರಿಗೆ ಲೇಸೆನಿಸಿತು. ಇದೇ ಹೊತ್ತಿಗೆ ಚಾವಣಿಯ ಕೆಲಸವೂ ಬದಲಾಯಿತು. ಜಾಲರಿಗೆ ಗಾರೆ ಬಳಿಯುವ ನಿಧಾನದ ಕಸುಬನ್ನು ಹಿಂದಕ್ಕೆ ತಳ್ಳಿ, ಸಿದ್ಧ ಜಿಪ್ಸಮ್ ಹಲಗೆಗಳು ಬಂದವು. ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ ಎರಡನ್ನೂ ಒಂದೇ ಗಾಳಿ ನಾಳದಿಂದ ಕೊಡುವ ಯಂತ್ರಗಳು ಜನಪ್ರಿಯವಾದವು. ಭೌತವಿಜ್ಞಾನ ತಪ್ಪಿರಲಿಲ್ಲ. ಅದಕ್ಕೆ ತಕ್ಕ ಕೊಳವೆ ಇನ್ನೂ ಬಂದಿರಲಿಲ್ಲ.

ಪ್ಲಾಸ್ಟಿಕ್ ತಂದ ಬದಲಾವಣೆ

ಸಾಧಾರಣ ಪಾಲಿಎಥಿಲೀನ್ ಬಿಸಿನೀರಿಗೆ ಮೆತ್ತಗಾಗುತ್ತದೆ. 1960ರ ದಶಕದಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ಪೆರಾಕ್ಸೈಡ್ ಬಳಸಿ ಅದರ ಉದ್ದುದ್ದ ಅಣುಸರಪಳಿಗಳ ನಡುವೆ ಅಡ್ಡಬಂಧಗಳನ್ನು ಏರ್ಪಡಿಸುವ ವಿಧಾನ ಕಂಡುಹಿಡಿದ. ಬಿಡಿ ದಾರಗಳನ್ನು ಬಲೆಯಾಗಿ ಹೆಣೆದಂತೆ ಎನ್ನಬಹುದು. ಹೀಗೆ ಹುಟ್ಟಿದ ಅಡ್ಡಬಂಧಿತ ಪಾಲಿಎಥಿಲೀನ್, ಅಂದರೆ ‘ಪೆಕ್ಸ್’ ಕೊಳವೆ, ಬಿಸಿಯನ್ನೂ ಒತ್ತಡವನ್ನೂ ತಾಳುತ್ತದೆ. ನೂರಾರು ಅಡಿ ಉದ್ದದ ಸುರುಳಿಯಾಗಿ ಬರುವುದರಿಂದ ಹುದುಗಿದ ಭಾಗದಲ್ಲಿ ಕೀಲೇ ಬೇಕಿಲ್ಲ.

ಹೊಸ ವಸ್ತು ಹೊಸ ತೊಡಕುಗಳನ್ನೂ ತಂದಿತು. ಪೆಕ್ಸ್ ಕೊಳವೆಯ ಗೋಡೆಯ ಮೂಲಕ ಗಾಳಿಯ ಆಕ್ಸಿಜನ್ ನಿಧಾನವಾಗಿ ಒಳಗೆ ವಿಸರಣಗೊಂಡು, ವ್ಯವಸ್ಥೆಯಲ್ಲಿದ್ದ ಕಬ್ಬಿಣದ ಭಾಗಗಳಿಗೆ ತುಕ್ಕು ಹಿಡಿಸಿತು. ಕೊಳವೆಗೆ ಆಕ್ಸಿಜನ್ ತಡೆಯುವ ತೆಳು ಪದರ ಸೇರಿಸಿ ಇದನ್ನು ಪರಿಹರಿಸಲಾಯಿತು. ಇನ್ನೊಂದು ತೊಡಕು ವ್ಯಾಕೋಚನದ್ದು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 30 ಮೀಟರ್ ಉದ್ದದ ಕೊಳವೆ 40 ಡಿಗ್ರಿ ಬಿಸಿಯೇರಿದರೆ ಉಕ್ಕು ಸುಮಾರು ಒಂದೂವರೆ ಸೆಂಟಿಮೀಟರ್ ಹಿಗ್ಗುತ್ತದೆ. ತಾಮ್ರ 2 ಸೆಂಟಿಮೀಟರ್. ಪೆಕ್ಸ್ ಸುಮಾರು 20 ಸೆಂಟಿಮೀಟರ್! ಕೊಳವೆಗೆ ಸರಿಯಲು ಜಾಗ ಬಿಡದಿದ್ದರೆ ಅದು ಜೋತುಬೀಳುತ್ತದೆ, ಇಲ್ಲವೇ ಪ್ರತಿ ಸಲ ಬಿಸಿಯಾಗುವಾಗಲೂ ಟಿಕ್ ಟಿಕ್ ಸದ್ದು ಮಾಡಿ ಮನೆಯವರ ನಿದ್ದೆ ಕೆಡಿಸುತ್ತದೆ.

ತೊಲೆಗಳ ನಡುವೆ ಕತ್ತೆತ್ತಿ ದುಡಿಮೆ

ಉತ್ತರ ಅಮೆರಿಕದ ಹೆಚ್ಚಿನ ಮನೆಗಳು ಮರದವು. ಸುಮಾರು 40 ಸೆಂಟಿಮೀಟರಿಗೊಂದರಂತೆ ತೊಲೆಗಳು, ಅವುಗಳ ಮೇಲೆ ಹಲಗೆ ನೆಲ. ಕಟ್ಟಿ ಮುಗಿದ ಮನೆಯ ನೆಲವನ್ನು ಕೀಳದೆ ಬೆಚ್ಚಗೆ ಮಾಡುವುದು ಹೇಗೆ? ನೆಲಮಾಳಿಗೆಗೆ ಇಳಿದು, ಏಣಿಯ ಮೇಲೆ ನಿಂತು, ಹಲಗೆಯ ಅಡಿಮೈಗೆ ಕೊಳವೆ ಕೂರಿಸಬೇಕು. ಇಲ್ಲಿ ಬಿಸಿಯಾಗುವುದು ಮೇಲಿನ ಕೊಠಡಿಯ ನೆಲ. ಕೆಲಸ ನಡೆಯುವುದು ಮಾತ್ರ ತಲೆಯ ಮೇಲೆಯೇ. ಕೆಳಗಿನ ಕೊಠಡಿಯ ಚಾವಣಿಯನ್ನು ಬಿಸಿ ಮಾಡಬೇಕಾದಾಗಲೂ ಇದೇ ಉಪಕರಣಗಳು, ಇದೇ ಕಷ್ಟ.

ಕೆಲಸದ ಕ್ರಮ ಹೀಗಿದೆ. ಮೊದಲು ತೊಲೆಗಳಲ್ಲಿ ರಂಧ್ರ ಕೊರೆಯಬೇಕು. ಎರಡು ತೊಲೆಗಳ ನಡುವಿನ ಕಿರಿದಾದ ಜಾಗದಲ್ಲಿ ಉದ್ದನೆಯ ಡ್ರಿಲ್ ಹಿಡಿಸದು. ಮೂತಿ ಲಂಬಕೋನಕ್ಕೆ ತಿರುಗಿದ ಡ್ರಿಲ್ ಬೇಕು. ರಂಧ್ರ ತೊಲೆಯ ಎತ್ತರದ ನಡುಮಧ್ಯದಲ್ಲಿರಬೇಕು. ಏಕೆ ಗೊತ್ತೇ? ಭಾರ ಹೊತ್ತು ಬಾಗುವ ತೊಲೆಯ ಮೇಲಂಚು ಒತ್ತಲ್ಪಡುತ್ತದೆ, ಕೆಳಅಂಚು ಎಳೆಯಲ್ಪಡುತ್ತದೆ. ನಡುವಿನ ತಟಸ್ಥ ಅಕ್ಷದಲ್ಲಿ ಬಾಗುವಿಕೆಯ ಬಲ ಶೂನ್ಯ. ಅಲ್ಲಿ ಕೊರೆದರೆ ತೊಲೆ ಹೆಚ್ಚು ದುರ್ಬಲವಾಗುವುದಿಲ್ಲ.

ಆಮೇಲೆ ಕೊಳವೆ ಎಳೆಯುವುದು. ಸುರುಳಿಯನ್ನು ತಿರುಗಣೆಯ ಮೇಲಿಟ್ಟು ಒಬ್ಬ ಬಿಡುತ್ತಾ ಹೋಗುತ್ತಾನೆ. ಇನ್ನೊಬ್ಬ ಎಲ್ಲ ರಂಧ್ರಗಳ ಮೂಲಕ ತುದಿಯನ್ನು ಎಳೆದು ತರುತ್ತಾನೆ. ಬಳಿಕ ಅತ್ಯಂತ ದೂರದ ಸಂದಿನಿಂದ ಆರಂಭಿಸಿ, ಪ್ರತಿ ಸಂದಿನಲ್ಲೂ ಒಂದು ಕುಣಿಕೆಯಷ್ಟು ಕೊಳವೆಯನ್ನು ಕೆಳಕ್ಕೆಳೆದು, ಸಂದಿನ ಇನ್ನೊಂದು ಕೊನೆಯವರೆಗೂ ಒಯ್ಯಬೇಕು. ಹೀಗೆ ಪ್ರತಿ ಸಂದಿನಲ್ಲಿ ಸುಮಾರು 20 ಸೆಂಟಿಮೀಟರ್ ಅಂತರದ ಎರಡು ಸಾಲುಗಳಾಗುತ್ತವೆ. ಬಾಗು ತೀರ ಕಿರಿದಾದರೆ ಕೊಳವೆ ಮಡಿದು ನೀರಿನ ದಾರಿ ಮುಚ್ಚುತ್ತದೆ. ಬಾಗಿನ ತ್ರಿಜ್ಯ ಕೊಳವೆಯ ಹೊರವ್ಯಾಸದ ಸುಮಾರು ಆರು ಪಟ್ಟಾದರೂ ಇರಬೇಕು. ಚಳಿಯಲ್ಲಿ ಸುರುಳಿ ಬಿರುಸಾಗುವುದರಿಂದ ಅದನ್ನು ಮೊದಲು ಬೆಚ್ಚಗಿನ ಕೊಠಡಿಯಲ್ಲಿ ಇಡುವುದು ವಾಡಿಕೆ.

ಕೊನೆಯದು, ಕೊಳವೆಯನ್ನು ಹಲಗೆಗೆ ಹಿಡಿಸುವುದು. ಅತಿ ಸುಲಭದ ದಾರಿ ಎಂದರೆ ಸ್ಟೇಪ್ಲರ್ ಗನ್ನಿನಿಂದ ಪಿನ್ನು ಹೊಡೆಯುವುದು. ಬಹಳ ಮನೆಗಳಲ್ಲಿ ಹಾಗೆಯೇ ಮಾಡಿದರು. ಬಹಳ ಮನೆಗಳ ನೆಲ ಸಾಕಷ್ಟು ಬೆಚ್ಚಗಾಗಲಿಲ್ಲ. ಕಾರಣ ನೀವೇ ಊಹಿಸಬಲ್ಲಿರಿ. ಉರುಟಾದ ಕೊಳವೆ ಚಪ್ಪಟೆಯಾದ ಹಲಗೆಯನ್ನು ಒಂದು ಗೆರೆಯಲ್ಲಷ್ಟೇ ಮುಟ್ಟುತ್ತದೆ. ಎರಡು ಪಿನ್ನುಗಳ ನಡುವೆ ಜೋತರೆ ಆ ಗೆರೆಯೂ ಇಲ್ಲ. ಉಳಿದದ್ದೆಲ್ಲ ಗಾಳಿಯ ಪದರ. ಇದಕ್ಕೆ ಪರಿಹಾರವೇ ನಡುವೆ ತೋಡಿರುವ ಅಲ್ಯೂಮಿನಿಯಂ ಪಟ್ಟಿ. ಪಟ್ಟಿಯನ್ನು ಮೊದಲು ಹಲಗೆಗೆ ಸ್ಕ್ರೂ ಹಾಕಿ ಬಿಗಿದು, ಕೊಳವೆಯನ್ನು ತೋಡಿನೊಳಕ್ಕೆ ರಬ್ಬರ್ ಸುತ್ತಿಗೆಯಿಂದಲೋ ಮೊಂಡು ಮೂತಿಯ ಗಾಳಿಸುತ್ತಿಗೆಯಿಂದಲೋ ಒತ್ತಿ ಕೂರಿಸುತ್ತಾರೆ. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾದ ಉಷ್ಣವಾಹಕ. ಅದು ಗೆರೆಯಲ್ಲಿದ್ದ ಶಾಖವನ್ನು ಅಗಲಕ್ಕೆ ಹರಡುತ್ತದೆ. ಅಡಿಯಲ್ಲಿ ಉಷ್ಣನಿರೋಧಕ ತುಂಬಿದರೆ ಕೆಲಸ ಪೂರ್ಣ.

ಇದೆಲ್ಲವೂ ಕತ್ತೆತ್ತಿ, ತೋಳೆತ್ತಿ, ಕಣ್ಣಿಗೆ ಮರದ ಪುಡಿ ಬೀಳುತ್ತಿರುವಾಗ ನಡೆಯಬೇಕು. ಹಾಗಾಗಿ ರಕ್ಷಣಾ ಕನ್ನಡಕ ಕಡ್ಡಾಯ. ಮೇಲಿನ ನೆಲಹಾಸಿನ ಮೊಳೆಗಳು ಹಲಗೆ ತೂರಿ ಕೆಳಗೆ ಇಣುಕುತ್ತಿದ್ದರೆ ಮೊದಲೇ ಕತ್ತರಿಸಿ ಹಾಕಬೇಕು. ಕೆಲಸ ನಡೆಯುವಷ್ಟು ದಿನವೂ ಕೊಳವೆಯಲ್ಲಿ ಒತ್ತಡ ತುಂಬಿ ಮಾಪಕ ಜೋಡಿಸಿರುತ್ತಾರೆ. ಯಾರಾದರೂ ಹೊಡೆದ ಮೊಳೆ ಕೊಳವೆಗೆ ತಾಗಿದರೆ ಮುಳ್ಳು ಕೂಡಲೇ ಇಳಿದು ಸುಳಿವು ಕೊಡುತ್ತದೆ. ಮುಚ್ಚಿದ ಮೇಲೆ ಕೊಳವೆ ಎಲ್ಲಿದೆ ಎಂದು ತಿಳಿಯಲು ಈಗ ಅವಕೆಂಪು ಕ್ಯಾಮೆರಾ ಇದೆ. ಹರ್ಷೆಲ್ ತಾಪಮಾಪಕದಿಂದ ಹುಡುಕಿದ ಕಿರಣಗಳೇ ಅದರ ಪರದೆಯ ಮೇಲೆ ಕೊಳವೆಯ ಚಿತ್ರ ಬಿಡಿಸುತ್ತವೆ.

ತಲೆಗೆ ಎಷ್ಟು ಬಿಸಿ?

ಚಾವಣಿಯನ್ನು ಮನಸ್ಸಿಗೆ ಬಂದಷ್ಟು ಬಿಸಿ ಮಾಡುವಂತಿಲ್ಲ. ತಲೆ ಕಾದು ಕಾಲು ತಣ್ಣಗಿದ್ದರೆ ಯಾರಿಗೂ ಹಿತವಲ್ಲ. ಡೆನ್ಮಾರ್ಕಿನ ಫ್ಯಾಂಗರ್ ಮತ್ತು ಅವರ ಸಂಗಡಿಗರು ಜನರನ್ನು ಪ್ರಯೋಗಕೊಠಡಿಯಲ್ಲಿ ಕೂರಿಸಿ ಇದನ್ನು ಅಳೆದರು. ಮೇಲಿನಿಂದ ಬರುವ ಮತ್ತು ಕೆಳಗಿನಿಂದ ಬರುವ ವಿಕಿರಣ ತಾಪಗಳ ವ್ಯತ್ಯಾಸ 5 ಡಿಗ್ರಿ ಮೀರಬಾರದು ಎಂಬ ಮಿತಿ ಅಂತರರಾಷ್ಟ್ರೀಯ ಮಾನಕಗಳಿಗೆ ಸೇರಿತು. ನಾವು ಆರಂಭದಲ್ಲಿ ಲೆಕ್ಕಹಾಕಿದ 35 ಡಿಗ್ರಿ ಚಾವಣಿ 4 ಮೀಟರ್, 3 ಮೀಟರ್ ಕೊಠಡಿಯ ನಡುವೆ ಕುಳಿತವರಿಗೆ ಈ ಮಿತಿಯನ್ನು ದಾಟುತ್ತದೆ; 30 ಡಿಗ್ರಿ ಆದರೆ ಮಿತಿಯೊಳಗೇ ಇರುತ್ತದೆ. ಆದ್ದರಿಂದ ಚಾವಣಿ ತಾಪನ ಚೆನ್ನಾಗಿ ಒಪ್ಪುವುದು ಗೋಡೆ ಕಿಟಕಿಗಳಿಂದ ಶಾಖ ಸೋರದ ಮನೆಗಳಿಗೆ.

ತಿರುವು: ಬಿಸಿಯಿಂದ ತಂಪಿಗೆ

ಚಳಿ ದೇಶಗಳ ಈ ಕಥೆ ನಮಗೇಕೆ ಎನ್ನುತ್ತೀರಾ? ಪಿಕ್ಟೆಯ ಮಂಜುಗಡ್ಡೆಯನ್ನು ನೆನಪಿಸಿಕೊಳ್ಳಿ. ಚಾವಣಿಯ ಕೊಳವೆಗಳಲ್ಲಿ ಬಿಸಿನೀರಿನ ಬದಲು ತಣ್ಣೀರು ಹರಿಸಿದರೆ, ಕೆಳಗಿರುವವರ ಮೈಯಿಂದ ಶಾಖ ಚಾವಣಿಯತ್ತ ಹೋಗುತ್ತದೆ. ಜೊತೆಗೆ ಚಾವಣಿಯ ಬಳಿ ತಣಿದು ಭಾರವಾದ ಗಾಳಿ ತಾನೇ ಕೆಳಗಿಳಿಯುತ್ತದೆ. ಬಿಸಿ ಚಾವಣಿಗೆ ನೆರವಾಗದ ಸಂವಹನ ತಣ್ಣನೆಯ ಚಾವಣಿಗೆ ನೆರವಾಗುತ್ತದೆ!

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇನ್ಫೋಸಿಸ್ 2011ರಲ್ಲಿ ಹೈದರಾಬಾದಿನ ತನ್ನ ಆವರಣದ ಒಂದು ಕಟ್ಟಡದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿತು. ಕಟ್ಟಡದ ಒಂದು ಅರ್ಧಕ್ಕೆ ಗಾಳಿಯಿಂದ ತಂಪುಮಾಡುವ ಸುಧಾರಿತ ವ್ಯವಸ್ಥೆ, ಇನ್ನೊಂದು ಅರ್ಧಕ್ಕೆ ಕಾಂಕ್ರೀಟಿನಲ್ಲಿ ಹುದುಗಿದ ತಣ್ಣೀರಿನ ಕೊಳವೆಗಳು. ಎರಡು ವರ್ಷಗಳ ಅಳತೆಯಲ್ಲಿ ಕೊಳವೆಯ ಭಾಗ ಸುಮಾರು ಮೂರನೆಯ ಒಂದರಷ್ಟು ಕಡಿಮೆ ಶಕ್ತಿ ಬಳಸಿತು. ಇಂಥ ಕಟ್ಟಡದಲ್ಲಿ ಏಣಿಯ ಕಷ್ಟವೂ ಇಲ್ಲ. ಸೆಂಟ್ರಿಂಗ್ ಹಲಗೆಗಳ ಮೇಲೆ ಕಬ್ಬಿಣ ಕಟ್ಟುವಾಗಲೇ ಕೊಳವೆಯನ್ನೂ ಕಟ್ಟಿ ಕಾಂಕ್ರೀಟ್ ಸುರಿಯುತ್ತಾರೆ. ಇಂದು ಕಾಲಡಿಯಲ್ಲಿ ಹಾಸಿದ ಕೊಳವೆ ಸೆಂಟ್ರಿಂಗ್ ಬಿಚ್ಚಿದ ದಿನ ತಲೆಯ ಮೇಲಿರುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಚಾವಣಿಯ ತಾಪ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಅದು ತಣ್ಣೀರಿನ ಲೋಟದಂತೆ ಬೆವರುತ್ತದೆ. 28 ಡಿಗ್ರಿ ತಾಪ, ಶೇಕಡ 80 ಆರ್ದ್ರತೆಯ ಗಾಳಿಯ ಇಬ್ಬನಿ ಬಿಂದು ಸುಮಾರು 24 ಡಿಗ್ರಿ. ಮಂಗಳೂರಿನ ಮಳೆಗಾಲದಲ್ಲಿ ಒಳಬರುವ ಗಾಳಿಯ ತೇವ ತೆಗೆಯದೆ ಈ ವಿಧಾನ ಬಳಸಿದರೆ ಕಚೇರಿಯೊಳಗೇ ಹನಿ ಉದುರೀತು.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಈ ಎರಡು ಪ್ರಯೋಗಗಳನ್ನು ಸುಲಭವಾಗಿ ತೋರಿಸಬಹುದು. ಇಸ್ತ್ರಿ ಪೆಟ್ಟಿಗೆಯನ್ನು ಬಿಸಿ ಮಾಡಿ, ಪ್ಲಗ್ ಕಿತ್ತು, ಅದರ ತಳ ಕೆಳಮುಖವಾಗಿರುವಂತೆ ಎತ್ತಿ ಹಿಡಿಯಿರಿ. ಸುಮಾರು ಒಂದು ಅಡಿ ಕೆಳಗೆ ವಿದ್ಯಾರ್ಥಿ ಅಂಗೈ ಚಾಚಲಿ. ಬಿಸಿ ಗಾಳಿ ಮೇಲೆ ಹೋಗುತ್ತಿದ್ದರೂ ಅಂಗೈಗೆ ಶಾಖ ತಟ್ಟುತ್ತದೆ. ನಡುವೆ ಅಲ್ಯೂಮಿನಿಯಂ ಹಾಳೆ ಹಿಡಿದರೆ ತಕ್ಷಣ ನಿಲ್ಲುತ್ತದೆ. ಎರಡನೆಯದಕ್ಕೆ ಎರಡು ಸ್ಟೀಲ್ ತಟ್ಟೆ, ಬಿಸಿನೀರು ತುಂಬಿದ ಎರಡು ಲೋಟ ಸಾಕು. ಒಂದು ಲೋಟವನ್ನು ನೇರವಾಗಿ ತಟ್ಟೆಯ ಮೇಲಿಡಿ. ಇನ್ನೊಂದನ್ನು ಮೂರು ಬೆಂಕಿಕಡ್ಡಿಗಳ ಮೇಲೆ ನಿಲ್ಲಿಸಿ. ಎರಡು ನಿಮಿಷದ ನಂತರ ತಟ್ಟೆಗಳ ಅಡಿಭಾಗ ಮುಟ್ಟಿ ನೋಡಿದರೆ, ಬೆಂಕಿಕಡ್ಡಿಯಷ್ಟು ಗಾಳಿ ಎಷ್ಟು ಶಾಖವನ್ನು ತಡೆಯಿತು ಎಂಬುದು ತಿಳಿಯುತ್ತದೆ.

ಇಷ್ಟಾದ ಮೇಲೆ ಕಪ್ಪುಹಲಗೆಯ ಮೇಲೆ ‘ಶಾಖ ಮೇಲಕ್ಕೆ ಏರುತ್ತದೆ’ ಎಂದು ಬರೆದು, ಅದನ್ನು ತಿದ್ದುವ ಕೆಲಸವನ್ನು ಮಕ್ಕಳಿಗೇ ಬಿಡಿ.